ಮೊದಲ ಹೆಜ್ಜೆ ಯಾರದು? ಕ್ರೈಸ್ತ ಚಿಂತನೆಯಲ್ಲಿ ರಕ್ಷಣೆಯ ಕ್ರಮ



ಮಾಸೆದೋನ್ಯದ ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಒಂದು ನಡುರಾತ್ರಿ ನಡೆದ ಘಟನೆಯನ್ನು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಹೇಳುತ್ತದೆ. ಪೌಲ ಮತ್ತು ಸೀಲ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು ಒಳಗೆ ಹಾಡುತ್ತಿದ್ದಾರೆ. ಭೂಮಿ ನಡುಗಿ ಬಾಗಿಲುಗಳು ತೆರೆದುಕೊಳ್ಳುತ್ತವೆ. ಕೈದಿಗಳು ತಪ್ಪಿಸಿಕೊಂಡರೆಂದು ತಿಳಿದ ಸೆರೆಮನೆಯ ಅಧಿಕಾರಿ ಕತ್ತಿ ಹಿರಿದು ಪ್ರಾಣ ಕಳೆದುಕೊಳ್ಳಲು ಹೊರಡುತ್ತಾನೆ. ನಾವೆಲ್ಲ ಇಲ್ಲೇ ಇದ್ದೇವೆ ಎಂದು ಪೌಲ ಕೂಗುತ್ತಾನೆ. ಆಗ ಆ ಅಧಿಕಾರಿ ನಡುಗುತ್ತ ಕೇಳುವುದು ಒಂದೇ ಪ್ರಶ್ನೆ: ರಕ್ಷಣೆ ಹೊಂದಬೇಕಾದರೆ ನಾನೇನು ಮಾಡಬೇಕು? ಉತ್ತರ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಬೆಳಗಾಗುವುದರೊಳಗೆ ಅವನು ಉಪದೇಶ ಕೇಳಿದ್ದಾನೆ, ನಂಬಿದ್ದಾನೆ, ಕೈದಿಗಳ ಗಾಯ ತೊಳೆದಿದ್ದಾನೆ, ಮನೆಯವರೆಲ್ಲರ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಾನೆ, ಪೌಲನಿಗೆ ಊಟ ಬಡಿಸಿದ್ದಾನೆ.

ಒಂದೇ ರಾತ್ರಿಯಲ್ಲಿ ಆಗಿಹೋದ ಇಷ್ಟರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಅವನು ನಂಬಿದ್ದರಿಂದ ದೇವರು ಅವನನ್ನು ಹೊಸಬನನ್ನಾಗಿ ಮಾಡಿದನೋ, ದೇವರು ಮೊದಲೇ ಹೊಸಬನನ್ನಾಗಿ ಮಾಡಿದ್ದರಿಂದ ಅವನಿಗೆ ನಂಬಲು ಸಾಧ್ಯವಾಯಿತೋ? ಅಧಿಕಾರಿಗೆ ಇದು ಹೊಳೆಯಲಿಲ್ಲ. ಅವನಿಗೆ ಬೇರೆ ಕೆಲಸವಿತ್ತು. ಪಂಡಿತರಿಗೆ ಹೊಳೆಯಿತು, ಸಾವಿರದೈನೂರು ವರ್ಷ ಬಿಡದೆ ಕಾಡಿತು. ಈ ವಿಚಾರಕ್ಕೆ ರಕ್ಷಣೆಯ ಕ್ರಮ, ಲ್ಯಾಟಿನ್ನಿನಲ್ಲಿ ಓರ್ಡೊ ಸಲೂಟಿಸ್, ಎಂಬ ಹೆಸರು ಬಂದದ್ದು ತೀರ ಈಚೆಗೆ, 18ನೇ ಶತಮಾನದ ಮೊದಲ ಭಾಗದಲ್ಲಿ. ಫ್ರಾನ್ಸ್ ಬುಡ್ಡೇಯಸ್, ಯಾಕೋಬ್ ಕಾರ್ಪೊವ್ ಎಂಬ ಜರ್ಮನಿಯ ಲೂಥರನ್ ಪಂಡಿತರ ಗ್ರಂಥಗಳಲ್ಲಿ ಅದು ನೆಲೆಯಾಯಿತು. ವಿಚಾರ ಅದಕ್ಕಿಂತ ಬಹಳ ಹಳೆಯದು.

ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ, ಒಪ್ಪದವರು ನಿದ್ದೆಗೆ ಜಾರುವ ಮೊದಲೇ. ಈ ಕ್ರಮ ಹುಟ್ಟಿದ್ದು ಮೊದಲ ಹೆಜ್ಜೆ ಇಟ್ಟವರು ಯಾರು ಎಂಬುದನ್ನು ತೀರ್ಮಾನಿಸಲಿಕ್ಕೆ. ಜನ ಅದನ್ನು ಬಳಸಿದ್ದು ನಾನು ಈಗ ಎಷ್ಟನೆಯ ಹೆಜ್ಜೆಯಲ್ಲಿದ್ದೇನೆ ಎಂದು ಅಳೆದುಕೊಳ್ಳಲಿಕ್ಕೆ. ಮೊದಲನೆಯ ಕೆಲಸಕ್ಕೆ ಅದು ಒದಗುತ್ತದೆ, ಎರಡನೆಯದಕ್ಕೆ ಒದಗುವುದಿಲ್ಲ. ಆದರೂ ಅದರ ಚರಿತ್ರೆಯ ಬಹುಪಾಲು ನೋವು, ಸಾಹಿತ್ಯ, ಹೋರಾಟ ಎಲ್ಲವೂ ಹುಟ್ಟಿದ್ದು ಎರಡನೆಯ ಬಳಕೆಯಿಂದಲೇ.

ಎಲ್ಲರೂ ಆಧಾರವಾಗಿ ಹಿಡಿಯುವ ಮಾತು ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿದೆ, 29 ಮತ್ತು 30ನೇ ವಚನಗಳಲ್ಲಿ. ಅಲ್ಲಿ ಐದು ಕ್ರಿಯಾಪದಗಳು ಒಂದಕ್ಕೊಂದು ಕೊಂಡಿಯಾಗಿ ಬರುತ್ತವೆ: ದೇವರು ಮೊದಲೇ ಅರಿತನು, ಮೊದಲೇ ನೇಮಿಸಿದನು, ಕರೆದನು, ನೀತಿವಂತರೆಂದು ನಿರ್ಣಯಿಸಿದನು, ಮಹಿಮೆಗೆ ಸೇರಿಸಿದನು. ಐದಕ್ಕೂ ಕರ್ತೃ ದೇವರೇ. ಇನ್ನೂ ಆಗಬೇಕಾದ ಮಹಿಮೆಯನ್ನೂ ಆಗಿಹೋದಂತೆ ಭೂತಕಾಲದಲ್ಲೇ ಹೇಳಲಾಗಿದೆ. ಇನ್ನು, ಪಟ್ಟಿಯಲ್ಲಿ ಏನಿಲ್ಲವೋ ಅದನ್ನೂ ಗಮನಿಸಬೇಕು. ನಂಬಿಕೆ ಇಲ್ಲ, ಮಾನಸಾಂತರ ಇಲ್ಲ, ದೀಕ್ಷಾಸ್ನಾನ ಇಲ್ಲ, ಪವಿತ್ರೀಕರಣವೂ ಇಲ್ಲ. ಮನುಷ್ಯ ಮಾಡುವಂಥದ್ದು, ಮನುಷ್ಯನಿಗೆ ಅನುಭವಕ್ಕೆ ಬರುವಂಥದ್ದು ಬಹುಮಟ್ಟಿಗೆ ಹೊರಗೇ ಉಳಿದಿದೆ. ಪೌಲ ಇಲ್ಲಿ ಕಷ್ಟದಲ್ಲಿರುವವರಿಗೆ ಧೈರ್ಯ ಹೇಳುತ್ತಿದ್ದಾನೆ. ಮೆಟ್ಟಿಲು ಕಟ್ಟಿಕೊಡುವ ಉದ್ದೇಶ ಅವನಿಗಿದ್ದಂತೆ ಕಾಣುವುದಿಲ್ಲ.

ಅನುಭವದ ಕಡೆಯಿಂದ ನೋಡಿದರೆ ಹೊಸ ಒಡಂಬಡಿಕೆಯಲ್ಲಿ ಒಂದು ಕ್ರಮ ಸಿಗುವುದೇ ಇಲ್ಲ. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ ಪೇತ್ರ ಹೇಳುವ ಕ್ರಮ ಮಾನಸಾಂತರ, ದೀಕ್ಷಾಸ್ನಾನ, ಪವಿತ್ರಾತ್ಮನ ವರ. 8ನೇ ಅಧ್ಯಾಯದಲ್ಲಿ ಸಮಾರ್ಯದವರಿಗೆ ಸ್ನಾನ ಆಗಿದೆ, ಆತ್ಮನು ಇನ್ನೂ ಬಂದಿಲ್ಲ. 10ನೇ ಅಧ್ಯಾಯದಲ್ಲಿ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಪೇತ್ರನ ಪ್ರಸಂಗ ಮುಗಿಯುವ ಮೊದಲೇ ಆತ್ಮನು ಇಳಿದುಬಂದಾಗಿದೆ, ಸ್ನಾನ ಆಮೇಲೆ. ಒಂದೇ ಪುಸ್ತಕ, ಮೂರು ಬಗೆ. 20ನೇ ಶತಮಾನದಲ್ಲಿ ಪೆಂಟೆಕೋಸ್ಟಲ್ ಸಭೆಗಳು ಆತ್ಮಾಭಿಷೇಕ ಎರಡನೆಯ ಹಂತವೋ ಮೂರನೆಯದೋ ಎಂಬ ಮೇಲೆ ಒಡೆದುಹೋದದ್ದಕ್ಕೆ ಈ ಗೋಜಲೂ ಒಂದು ಕಾರಣ.

ಹಂತಗಳ ಮಾತು ಬಂದ ಕೂಡಲೇ ಕನ್ನಡಿಗರಿಗೆ ಷಟ್‌ಸ್ಥಲ ನೆನಪಾಗುವುದು ಸಹಜ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಎರಡನ್ನೂ ಪಕ್ಕಪಕ್ಕ ಇಟ್ಟು ಸರಿಹೊಂದಿಸುವ ಆಸೆಯನ್ನು ನಾನು ಅದುಮಿಟ್ಟುಕೊಳ್ಳುತ್ತೇನೆ. ಅಲ್ಲಿ ಸಾಧಕನ ನಿಲುವು ಮಾಗುತ್ತ ಹೋಗುವ ವರ್ಣನೆ. ಇಲ್ಲಿ ಬಹುಪಾಲು ದೇವರ ಕೃತ್ಯಗಳ ವರ್ಣನೆ. ಒಂದು ವಿಷಯವನ್ನು ಮಾತ್ರ ಹೇಳದೆ ಬಿಡಲಾರೆ. ನಮ್ಮಲ್ಲೂ ಪ್ರತಿಯೊಂದು ಸ್ಥಲದೊಳಗೆ ಉಳಿದವೂ ಸೇರಿ ಮೂವತ್ತಾರಾಗುವ ಎಣಿಕೆ ಇದೆ. ಹಂತಗಳನ್ನು ಹೇಳಿದವರು ಅವು ಒಂದರೊಳಗೊಂದು ಇರುವುದನ್ನೂ ಹೇಳಬೇಕಾಗಿ ಬಂತು. ಕ್ರೈಸ್ತ ಪಂಡಿತರಿಗೂ ಅದೇ ಆಯಿತು, ತಡವಾಗಿ.

ಐದನೇ ಶತಮಾನದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ತೀನನಿಗೂ ಬ್ರಿಟನ್ನಿನಿಂದ ಬಂದ ಪೆಲಾಗಿಯಸ್‌ನಿಗೂ ನಡೆದ ವಾದದಲ್ಲಿ ಮೊದಲ ಹೆಜ್ಜೆಯ ಪ್ರಶ್ನೆ ಸ್ಪಷ್ಟವಾಗಿ ಎದ್ದಿತು. ಮನುಷ್ಯ ತನ್ನ ಇಚ್ಛೆಯಿಂದ ದೇವರ ಕಡೆ ತಿರುಗಬಲ್ಲನೆಂದ ಪೆಲಾಗಿಯಸ್. ತಿರುಗಬೇಕೆಂಬ ಇಚ್ಛೆಯನ್ನೂ ಕೃಪೆಯೇ ಹುಟ್ಟಿಸಬೇಕು ಎಂದ ಅಗಸ್ತೀನ. 529ರಲ್ಲಿ ದಕ್ಷಿಣ ಗಾಲ್‌ನ ಆರೆಂಜ್‌ನಲ್ಲಿ ಸೇರಿದ ಸಭೆ ನಂಬಿಕೆಯ ಆರಂಭವೂ ಕೃಪೆಯ ಕೆಲಸವೇ ಎಂದು ತೀರ್ಮಾನಿಸಿತು. ಮಧ್ಯಯುಗದ ಸಾವಿರ ವರ್ಷವನ್ನು ನಾನು ಹಾರಿಬಿಡುತ್ತೇನೆ. ಆ ಕಾಲದ ವಿದ್ಯಾರ್ಥಿಗಳು ಕ್ಷಮಿಸಬೇಕು.

ಲೂಥರ್ ತಂದ ಪಲ್ಲಟ ದೊಡ್ಡದು. ಅವನಿಗಿಂತ ಮೊದಲಿನ ಸಾಮಾನ್ಯ ತಿಳಿವಳಿಕೆಯಲ್ಲಿ ದೇವರು ಮನುಷ್ಯನನ್ನು ಒಳಗಿನಿಂದ ನೀತಿವಂತನನ್ನಾಗಿ ಮಾಡುತ್ತ ಬರುತ್ತಾನೆ, ತೀರ್ಪು ಆ ಬದಲಾವಣೆಗೆ ಹೊಂದಿಕೊಂಡಿರುತ್ತದೆ. ಲೂಥರನ ಪ್ರಕಾರ ತೀರ್ಪು ಮೊದಲು. ಕ್ರಿಸ್ತನ ನೀತಿ ಪಾಪಿಯ ಲೆಕ್ಕಕ್ಕೆ ಸೇರುತ್ತದೆ, ಬದುಕಿನ ಬದಲಾವಣೆ ಅದರ ಹಿಂದೆ ಬರುತ್ತದೆ. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆ ರೋಮನ್ ಕಥೋಲಿಕ ಉತ್ತರವನ್ನು 16 ಅಧ್ಯಾಯ, 33 ನಿಯಮಗಳಲ್ಲಿ ಕೊಟ್ಟಿತು. ಮುಂದಾಗಿ ಬರುವ ಕೃಪೆ, ಅದಕ್ಕೆ ಮನುಷ್ಯನ ಸಮ್ಮತಿ, ಸಿದ್ಧತೆ, ಜ್ಞಾನಸ್ನಾನ; ನೀತಿವಂತನಾಗುವುದೆಂದರೆ ಕ್ಷಮೆಯ ಜೊತೆಗೆ ಒಳಗಿನ ನವೀಕರಣವೂ ಹೌದು, ಅದು ಬೆಳೆಯಲೂಬಹುದು, ಕಳೆದುಹೋಗಲೂಬಹುದು. ಟ್ರೆಂಟ್ ಮನುಷ್ಯಪ್ರಯತ್ನವನ್ನು ಬೋಧಿಸಿತು ಎಂದು ಪ್ರಾಟೆಸ್ಟೆಂಟ್ ವೇದಿಕೆಗಳಲ್ಲಿ ಈಗಲೂ ಹೇಳುವವರಿದ್ದಾರೆ. ಮೂಲವನ್ನು ಓದಿದವರು ಹಾಗೆ ಹೇಳಲಾರರು. ಮೊದಲ ಹೆಜ್ಜೆ ಅಲ್ಲಿಯೂ ಕೃಪೆಯದೇ.

ಈಗ ಕೇಂಬ್ರಿಜ್‌ಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಲಿಯಂ ಪರ್ಕಿನ್ಸ್ (1558–1602) ಅಲ್ಲಿನ ಕ್ರೈಸ್ಟ್ಸ್ ಕಾಲೇಜಿನಲ್ಲಿದ್ದ, ಊರಿನ ಸೆರೆಮನೆಯ ಕೈದಿಗಳಿಗೂ ಪ್ರಸಂಗ ಮಾಡುತ್ತಿದ್ದ. 1590ರಲ್ಲಿ ಅವನ ‘ಚಿನ್ನದ ಸರಪಳಿ’ ಲ್ಯಾಟಿನ್ನಿನಲ್ಲಿ ಬಂತು, ಮರುವರ್ಷ ಇಂಗ್ಲಿಷಿನಲ್ಲಿ. ಅದರಲ್ಲಿ ಮಡಿಸಿಟ್ಟ ಒಂದು ನಕ್ಷೆ ಇದೆ. ಜಿನೀವಾದ ಬೇಜಾ 1555ರಲ್ಲಿ ಮಾಡಿದ ಇಂಥದೇ ನಕ್ಷೆಯನ್ನು ಪರ್ಕಿನ್ಸ್ ಹಿಗ್ಗಿಸಿದ್ದ. ತುದಿಯಲ್ಲಿ ತ್ರಯೇಕ ದೇವರು. ಅಲ್ಲಿಂದ ಎರಡು ಸಾಲುಗಳು ಇಳಿಯುತ್ತವೆ. ಒಂದು ಆರಿಸಲ್ಪಟ್ಟವರದು: ಕರೆ, ನಂಬಿಕೆ, ನೀತಿನಿರ್ಣಯ, ಪವಿತ್ರೀಕರಣ, ನಿತ್ಯಜೀವ. ಇನ್ನೊಂದು ತೊರೆಯಲ್ಪಟ್ಟವರದು. ನಡುವೆ ಕ್ರಿಸ್ತನ ಜನನ, ಮರಣ, ಪುನರುತ್ಥಾನ. ಅಲ್ಲಿಂದ ನಂಬುವವನ ಒಂದೊಂದು ಹಂತಕ್ಕೂ ಗೆರೆ ಎಳೆದಿದೆ. ಓದು ಬಾರದವರು ಬೆರಳಿಟ್ಟು ನೋಡಿ ತಿಳಿಯಲಿ ಎಂಬುದು ಅವನ ಉದ್ದೇಶ.

ಉದ್ದೇಶ ಒಳ್ಳೆಯದೇ. ಬೆರಳಿಟ್ಟು ನೋಡಿದವರಿಗೆ ಹೊಟ್ಟೆಯಲ್ಲಿ ನಡುಕ ಹುಟ್ಟಿದ್ದು ಎರಡನೆಯ ಸಾಲಿನಿಂದ. ಅಲ್ಲೂ ಒಂದು ಬಗೆಯ ಕರೆ ಇದೆ, ತಾತ್ಕಾಲಿಕ ನಂಬಿಕೆ ಇದೆ, ದೇವರ ವರದ ರುಚಿ ಇದೆ, ಆಮೇಲೆ ಜಾರುವಿಕೆ. ಎಂದರೆ ತೊರೆಯಲ್ಪಟ್ಟವನೂ ಕೆಲವು ಹೆಜ್ಜೆ ಆರಿಸಲ್ಪಟ್ಟವನಂತೆಯೇ ನಡೆಯಬಲ್ಲ. ಹಾಗಾದರೆ ನನ್ನ ನಂಬಿಕೆ ಯಾವ ಸಾಲಿನದು? ಹೊರಗಿನಿಂದ ಗುರುತಿಸುವ ಬಗೆ ಇಲ್ಲ, ಒಳಗೆ ನೋಡಿಕೊಳ್ಳಬೇಕು. ಮೊದಲ ಹೆಜ್ಜೆ ದೇವರದು ಎಂದು ಸಮಾಧಾನ ಹೇಳಲು ಬರೆದ ನಕ್ಷೆ ಜನರನ್ನು ರಾತ್ರಿಯಿಡೀ ಎಚ್ಚರವಾಗಿಟ್ಟಿತು. ಪರ್ಕಿನ್ಸ್‌ಗೆ ಇದು ತಿಳಿದಿತ್ತು. 1597ರಲ್ಲಿ ಸಾಸಿವೆ ಕಾಳಿನ ಹೆಸರಿಟ್ಟು ಪುಟ್ಟ ಪುಸ್ತಕವೊಂದನ್ನು ಬರೆದು, ನಂಬಬೇಕೆಂಬ ಪ್ರಾಮಾಣಿಕ ಆಸೆ ಇದ್ದರೂ ಅದು ಕೃಪೆಯ ಗುರುತೇ ಎಂದು ವಿವರಿಸಿದ. ಸಿದ್ಧಾಂತಿಯಾಗಿ ಕೊಟ್ಟ ಗಾಯಕ್ಕೆ ಪಾದ್ರಿಯಾಗಿ ಮದ್ದು ಹಾಕಿದ ಎಂದು ಹೇಳಬೇಕೆನಿಸುತ್ತದೆ. ನನಗೆ ಅವನ ದೊಡ್ಡ ಪುಸ್ತಕಕ್ಕಿಂತ ಈ ಸಣ್ಣದೇ ಹೆಚ್ಚು ಇಷ್ಟ.

ಪರ್ಕಿನ್ಸ್‌ನ ಪುಸ್ತಕಗಳನ್ನು ಹಾಲೆಂಡಿನಲ್ಲಿ ಕೂತು ಓದಿದವರಲ್ಲಿ ಯಾಕೋಬ್ ಅರ್ಮಿನಿಯಸ್ ಒಬ್ಬ. ಬೇಜಾನ ಶಿಷ್ಯನಾಗಿದ್ದವನೇ ಪರ್ಕಿನ್ಸ್‌ಗೆ ಉತ್ತರ ಬರೆದ. ಅದು ಅಚ್ಚಾದದ್ದು 1612ರಲ್ಲಿ, ಅವನು ತೀರಿಕೊಂಡ ಮೂರು ವರ್ಷಕ್ಕೆ. ಅಷ್ಟರಲ್ಲಿ ಅವನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿ ಸಲ್ಲಿಸಿದ್ದರು. ಅವರು ಹೇಳಿದ್ದನ್ನು ಸರಿಯಾಗಿ ಹೇಳೋಣ: ಕೃಪೆ ಮೊದಲು ಬರುತ್ತದೆ, ಅದಿಲ್ಲದೆ ಯಾರೂ ನಂಬಲಾರರು, ಆದರೆ ಬಂದ ಕೃಪೆಯನ್ನು ಮನುಷ್ಯ ತಳ್ಳಿಬಿಡಬಲ್ಲ. ಹೀಗೆಂದ ಮೇಲೆ ನಂಬಿಕೆ ಮೊದಲು, ಹೊಸ ಹುಟ್ಟು ಆಮೇಲೆ ಎಂಬ ಕ್ರಮ ಮುಂದೆ ಈ ಪಂಗಡದಲ್ಲಿ ಗಟ್ಟಿಯಾಯಿತು. ಕ್ಯಾಲ್ವಿನನ ಮಾರ್ಗದವರು ಇದನ್ನು ತಿರುಗಿಸಿದರು. ಎಫೆಸದವರ ಪತ್ರಿಕೆ ಮನುಷ್ಯ ಪಾಪದಲ್ಲಿ ಸತ್ತಿದ್ದಾನೆ ಎನ್ನುತ್ತದೆ. ಸತ್ತವನು ನಂಬುವುದು ಹೇಗೆ? ಹೊಸ ಹುಟ್ಟು ಮೊದಲು, ನಂಬಿಕೆ ಅದರ ಫಲ.

ಮೇಲುಕೋಟೆಯ ಕಡೆಯವರಿಗೆ ಇದು ಪರಿಚಿತ ಜಗಳ. ತಾಯಿಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯ ಮರ್ಕಟ ನ್ಯಾಯ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವ ಬೆಕ್ಕಿನಮರಿಯ ಮಾರ್ಜಾಲ ನ್ಯಾಯ, ಶ್ರೀವೈಷ್ಣವರ ವಡಗಲೈ, ತೆಂಗಲೈ ಪಂಗಡಗಳು. ಜರ್ಮನಿಯ ರುಡಾಲ್ಫ್ ಓಟ್ಟೊ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಹೋಲಿಸಿ 1930ರಲ್ಲಿ ಪುಸ್ತಕವನ್ನೇ ಬರೆದ. ಆದರೆ ಈ ಜಗಳವನ್ನು ತೀರ್ಮಾನಿಸಲು ಹಾಲೆಂಡಿನ ಡೋರ್ಟ್‌ನಲ್ಲಿ ಸೇರಿದ ಕ್ಯಾಲ್ವಿನನ ಮಾರ್ಗದ ಪಂಡಿತರಿಗೆ ಬೆಕ್ಕಿನಮರಿಯೂ ಸಾಲದು. ಅದು ಮಿಯಾಂ ಎಂದಾದರೂ ಅನ್ನುತ್ತದೆ. ಅವರ ಮನುಷ್ಯನಿಗೆ ಅಷ್ಟೂ ಉಸಿರಿಲ್ಲ.

ಡೋರ್ಟ್ ಸಭೆ 1618ರ ನವೆಂಬರಿನಿಂದ ಮರುವರ್ಷದ ಮೇ ವರೆಗೆ ನಡೆದು ಅರ್ಮಿನಿಯಸ್‌ನ ಪಕ್ಷವನ್ನು ತಳ್ಳಿಹಾಕಿತು. ಆ ಪಕ್ಷಕ್ಕೆ ಆಸರೆಯಾಗಿದ್ದ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು 1619ರ ಮೇ 13ರಂದು ಹೇಗ್‌ನಲ್ಲಿ ಕಡಿದರು. ಆ ಮುದುಕನಿಗೆ ಆಗ ಎಪ್ಪತ್ತು ದಾಟಿತ್ತು. ಕಾರಣ ಪೂರ್ತಿ ದೈವಶಾಸ್ತ್ರವಲ್ಲ, ಪ್ರಾಂತಗಳ ಅಧಿಕಾರದ ಕಲಹ ಮುಖ್ಯ. ಆದರೂ ಹೊಸ ಹುಟ್ಟು ಮೊದಲೋ ನಂಬಿಕೆ ಮೊದಲೋ ಎಂಬುದು ಒಂದು ಕಾಲಕ್ಕೆ ದೇಶವನ್ನೇ ಎರಡಾಗಿ ಸೀಳುವಷ್ಟು ಬಿಸಿಯಾಗಿತ್ತು ಎಂಬುದನ್ನು ಮರೆಯಬಾರದು.

ಇಷ್ಟಾದರೂ ಆ ಕಾಲದ ಒಳ್ಳೆಯ ಪಂಡಿತರು ಇದನ್ನು ಗಡಿಯಾರದ ಕ್ರಮವೆಂದು ಭಾವಿಸಿರಲಿಲ್ಲ. ಕಾರಣ ಕಾರ್ಯಗಳ ಕ್ರಮ ಅದು. ಎಲ್ಲವೂ ಒಂದೇ ಕ್ಷಣದಲ್ಲಿ ಆಗಬಹುದು, ಆದರೂ ಒಂದು ಇನ್ನೊಂದಕ್ಕೆ ಆಧಾರ. 1646ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಕಟಣೆಯ ಅಧ್ಯಾಯಗಳನ್ನು ನೋಡಿ. 10 ಕರೆ, 11 ನೀತಿನಿರ್ಣಯ, 12 ದತ್ತುಸ್ವೀಕಾರ, 13 ಪವಿತ್ರೀಕರಣ. ನಂಬಿಕೆ ಬರುವುದು 14ರಲ್ಲಿ, ಮಾನಸಾಂತರ 15ರಲ್ಲಿ! ಇದು ಕಾಲಕ್ರಮವಾದರೆ ಮನುಷ್ಯ ಪವಿತ್ರನಾಗತೊಡಗಿದ ಮೇಲೆ ನಂಬುತ್ತಾನೆ ಎಂದಾಗುತ್ತದೆ. ಅವರು ಮಾಡಿದ್ದು ಬೇರೆ. ದೇವರ ಕೃತ್ಯಗಳನ್ನೆಲ್ಲ ಮೊದಲು ಒಟ್ಟಿಗೆ ಹೇಳಿ, ಮನುಷ್ಯನಲ್ಲಿ ಕಾಣುವುದನ್ನು ಆಮೇಲೆ ಹೇಳಿದರು. ರಕ್ಷಣೆಯ ಭರವಸೆಯನ್ನು 18ರಲ್ಲಿ ಪ್ರತ್ಯೇಕವಾಗಿ ಇಟ್ಟು, ನಿಜವಾದ ವಿಶ್ವಾಸಿಯೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದು ಎಂದು ಒಪ್ಪಿಕೊಂಡರು.

ಈ ಕ್ರಮವನ್ನು ಮೈಮೇಲೆ ಹೊತ್ತು ನಡೆದವನೆಂದರೆ ಜಾನ್ ಬನಿಯನ್. ಬೆಡ್‌ಫರ್ಡ್ ಸೀಮೆಯ, ಪಾತ್ರೆಗೆ ತೇಪೆ ಹಾಕುವ ಕಸುಬಿನವನು. ಅನುಮತಿಯಿಲ್ಲದೆ ಪ್ರಸಂಗ ಮಾಡಿದ್ದಕ್ಕಾಗಿ 1660ರಿಂದ 1672ರವರೆಗೆ ಸೆರೆಮನೆಯಲ್ಲಿದ್ದ. ಪರ್ಕಿನ್ಸ್‌ನ ಜಾಡಿನಲ್ಲೇ ರಕ್ಷಣೆ ಮತ್ತು ನಾಶಗಳ ಕ್ರಮವನ್ನು ತೋರಿಸುವ ದೊಡ್ಡ ನಕ್ಷೆಯೊಂದನ್ನು ಅವನೂ ಮಾಡಿದ. ಆದರೆ 1666ರಲ್ಲಿ ಅಚ್ಚಾದ ಅವನ ಆತ್ಮಕಥೆಯನ್ನು ಈ ನಕ್ಷೆಯ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ನೇರ ಗೆರೆಯೇ ಇಲ್ಲ. ಒಂದು ವಚನ ಓದಿ ಆನಂದ, ಮಾರನೆಯ ವಾರ ಇನ್ನೊಂದು ವಚನದಿಂದ ನರಕಭಯ; ಕ್ಷಮೆ ಸಿಕ್ಕಿತೆಂದು ಹಿಗ್ಗುತ್ತಾನೆ, ಕ್ರಿಸ್ತನನ್ನೇ ಮಾರಿಬಿಟ್ಟೆನೆಂದು ಕುಗ್ಗುತ್ತಾನೆ. ವರ್ಷಗಟ್ಟಲೆ ಹೀಗೇ. ನಕ್ಷೆ ಬರೆದ ಕೈಯೇ ನಕ್ಷೆ ತಪ್ಪಿದ ಬದುಕನ್ನೂ ಬರೆಯಿತು.

ಆಮೇಲೆ, 1678ರಲ್ಲಿ, ಅವನು ನಕ್ಷೆಯನ್ನು ಬಿಟ್ಟು ಕಥೆ ಹೇಳಿದ. ಯಾತ್ರಿಕನ ಆ ಕಥೆಯನ್ನು 19ನೇ ಶತಮಾನದಲ್ಲೇ ಬಾಸೆಲ್ ಮಿಷನ್ನಿನವರು ಕನ್ನಡಕ್ಕೂ ತಂದರು. ಅದರಲ್ಲಿ ಕ್ರಿಶ್ಚಿಯನ್ ಎಂಬ ಯಾತ್ರಿಕ ಬೆನ್ನಮೇಲೆ ಹೊರೆ ಹೊತ್ತು ಕಿರುಬಾಗಿಲಿಗೆ ಬಂದು ಒಳಸೇರುತ್ತಾನೆ. ಹೊರೆ ಅಲ್ಲಿ ಬೀಳುವುದಿಲ್ಲ. ಮುಂದೆ ವ್ಯಾಖ್ಯಾನಕಾರನ ಮನೆಯನ್ನೂ ದಾಟಿ ಶಿಲುಬೆಯ ಬಳಿಗೆ ಬಂದಾಗ ಬೀಳುತ್ತದೆ. ಹಾಗಾದರೆ ಬಾಗಿಲಿನಿಂದ ಶಿಲುಬೆಯವರೆಗಿನ ದಾರಿಯಲ್ಲಿ ಅವನು ರಕ್ಷಣೆ ಹೊಂದಿದವನೋ ಅಲ್ಲವೋ? 19ನೇ ಶತಮಾನದ ಪ್ರಸಿದ್ಧ ಪ್ರಸಂಗಕಾರ ಸ್ಪರ್ಜನ್‌ಗೆ ಬನಿಯನ್ ಎಂದರೆ ಪ್ರಾಣ. ಆದರೂ ಶಿಲುಬೆಯನ್ನು ಬಾಗಿಲಲ್ಲೇ ಇಡಬೇಕಿತ್ತೆಂದು ಅವನು ಆಕ್ಷೇಪಿಸಿದ. ಸಿದ್ಧಾಂತದ ಪ್ರಕಾರ ಸ್ಪರ್ಜನ್ ಸರಿ. ಮನುಷ್ಯಸ್ವಭಾವ ಬಲ್ಲವನು ಬನಿಯನ್. ಕ್ಷಮೆ ಸಿಗುವುದಕ್ಕೂ ಕ್ಷಮೆ ಸಿಕ್ಕಿದೆಯೆಂದು ಮೈಗೆ ತಿಳಿಯುವುದಕ್ಕೂ ನಡುವೆ ಎಷ್ಟು ದೂರವಿರಬಹುದೆಂದು ಅವನಿಗೆ ಗೊತ್ತಿತ್ತು.

1684ರ ಎರಡನೆಯ ಭಾಗವನ್ನು ಓದುವವರು ಕಡಿಮೆ. ನನ್ನ ವಿಷಯಕ್ಕೆ ಅದೇ ಹೆಚ್ಚು ಬೇಕಾದದ್ದು. ಅಲ್ಲಿ ಯಾತ್ರಿಕನ ಹೆಂಡತಿ, ನಾಲ್ವರು ಗಂಡುಮಕ್ಕಳು, ಮರ್ಸಿ ಎಂಬ ಹುಡುಗಿ ಒಟ್ಟಾಗಿ ಹೊರಡುತ್ತಾರೆ. ಹೆಂಡತಿಗೆ ಕರೆಯ ಪತ್ರ ಬಂದಿದೆ, ಮರ್ಸಿಗೆ ಬಂದಿಲ್ಲ. ಕರೆಯಿಲ್ಲದೆ ಬಂದೆನಲ್ಲ ಎಂಬ ಅಂಜಿಕೆಯಲ್ಲಿ ಅವಳು ಬಾಗಿಲನ್ನು ಜೋರಾಗಿ ತಟ್ಟಿ ಮೂರ್ಛೆ ಹೋಗುತ್ತಾಳೆ. ಅವಳನ್ನು ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಳ್ಳುತ್ತಾರೆ. ನಕ್ಷೆಯ ಮೊದಲ ಕೊಂಡಿಯೇ ಕಾಣದ ಹುಡುಗಿ ಒಳಗಿದ್ದಾಳೆ. ಇದೇ ಭಾಗದಲ್ಲಿ ಫಿಯರಿಂಗ್ ಎಂಬ ಅಂಜುಬುರುಕ ಯಾತ್ರಿಕನ ಕಥೆಯೂ ಬರುತ್ತದೆ. ದಾರಿಯುದ್ದಕ್ಕೂ ತನ್ನನ್ನು ಸೇರಿಸಿಕೊಳ್ಳಲಾರರು ಎಂದೇ ನಡುಗಿದವನು ಅವನು. ಕೊನೆಯ ನದಿಯನ್ನು ದಾಟುವ ದಿನ ನೀರು ಎಂದೂ ಇಲ್ಲದಷ್ಟು ಇಳಿದಿತ್ತು. ಡೋರ್ಟ್‌ನ ನಿರ್ಣಯಗಳಿಗೆ ನಿಷ್ಠನಾಗಿದ್ದುಕೊಂಡೇ ಹಂತದ ಲೆಕ್ಕವನ್ನು ಇಷ್ಟು ಮೃದುವಾಗಿ ಮುರಿದವರು ಇನ್ನೊಬ್ಬರಿಲ್ಲ ಎಂದು ನನ್ನ ಅಭಿಪ್ರಾಯ.

ಜರ್ಮನಿಯಲ್ಲಿ ಲೆಕ್ಕ ಬಿಗಿಯಾಗುತ್ತ ಹೋಯಿತು. ಆಗಸ್ಟ್ ಹರ್ಮನ್ ಫ್ರಾಂಕೆ 1687ರಲ್ಲಿ ಲ್ಯೂನೆಬರ್ಗ್‌ನಲ್ಲಿ ಪ್ರಸಂಗಕ್ಕೆ ಸಿದ್ಧನಾಗುತ್ತಿದ್ದಾಗ ತನಗೇ ಜೀವಂತ ನಂಬಿಕೆ ಇಲ್ಲವೆಂದು ಕಂಡುಕೊಂಡ. ಮೊಣಕಾಲೂರಿ ಬೇಡಿದ, ಸಂದೇಹ ಒಮ್ಮೆಗೇ ಕರಗಿತು. ಅವನು ಮುಂದೆ ಹಾಲೆಯಲ್ಲಿ ಅನಾಥಾಲಯ, ಶಾಲೆ, ಮುದ್ರಣಾಲಯ ಕಟ್ಟಿದ ಮಹಾನುಭಾವ. ಒಬ್ಬನ ಆ ಒಂದು ರಾತ್ರಿ ಹಾಲೆಯ ಪಂಥದಲ್ಲಿ ಎಲ್ಲರಿಗೂ ಮಾದರಿಯಾಯಿತು: ಮೊದಲು ಪಶ್ಚಾತ್ತಾಪದ ಹೋರಾಟ, ಆಮೇಲೆ ಬಿಡುಗಡೆ. ಹೋರಾಟ ಅನುಭವಿಸದವನ ನಂಬಿಕೆ ಶಂಕಾಸ್ಪದ. ಹೆರ್ನ್‌ಹುಟ್‌ನ ಝಿಂಝೆಂಡಾರ್ಫ್ ಅಂಥ ಹೋರಾಟವನ್ನು ಎಲ್ಲರ ಮೇಲೂ ಹೇರುವುದನ್ನು ಒಪ್ಪಲಿಲ್ಲ.

ಈ ಭಕ್ತಿಪಂಥದ ನೆಲದಲ್ಲೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದರ ಸೆಮಿನರಿಗೆ ಸೇರಬಯಸಿದವನು ತನ್ನ ಬದುಕು ತಿರುಗಿದ ಬಗೆಯನ್ನು ಬರೆದು ಕೊಡಬೇಕಿತ್ತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಅವರ ಸಾಮಾನಿನ ಜೊತೆ ಈ ಅಳತೆಗೋಲೂ ಬಂತು. ಇಲ್ಲಿ ಅದಕ್ಕೆ ಬೇರೆಯೇ ಭಾರ ಬಿತ್ತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ, ಮುಂದೆ ಬಾಸೆಲ್‌ಗೇ ಹೋಗಿ ಓದಿ ಪಾದ್ರಿಯಾದವನು, ಮನೆ ಜಾತಿ ಎಲ್ಲವನ್ನೂ ಒಮ್ಮೆಗೇ ಕಳೆದುಕೊಂಡ. ದತ್ತುಸ್ವೀಕಾರ ಎಂಬ ಹಂತದಲ್ಲಿ ನಂಬಿದವನು ದೇವರ ಮಗನೂ ಬಾಧ್ಯಸ್ಥನೂ ಆಗುತ್ತಾನೆ ಎನ್ನುತ್ತದೆ ಸಿದ್ಧಾಂತ. ಜಾತಿಬಿಟ್ಟವನು ಪಿತ್ರಾರ್ಜಿತಕ್ಕೆ ಎರವಾಗುತ್ತಾನೆ ಎನ್ನುತ್ತಿತ್ತು ಊರು. ಧರ್ಮಾಂತರದಿಂದ ಆಸ್ತಿಯ ಹಕ್ಕು ಹೋಗದು ಎಂದು ಕಂಪನಿ ಸರ್ಕಾರ ಕಾನೂನು ಮಾಡಿದ್ದು 1850ರಲ್ಲಿ. ಮತಾಂತರಗೊಂಡವರ ಹೊಟ್ಟೆಪಾಡಿಗೆ ನೇಯ್ಗೆ ಬಂತು, ಹೆಂಚಿನ ಕಾರ್ಖಾನೆ ಬಂತು. ಜರ್ಮನಿಯಲ್ಲಿ ಒಬ್ಬನ ಎದೆಯೊಳಗೆ ನಡೆಯುವ ಕ್ರಮ ಕರಾವಳಿಯಲ್ಲಿ ಅಂಗಳದಲ್ಲಿ, ನ್ಯಾಯಾಲಯದಲ್ಲಿ, ಕಾರ್ಖಾನೆಯಲ್ಲಿ ನಡೆಯಿತು. ನಮ್ಮ ಸೆಮಿನರಿಗಳಲ್ಲಿ ಈ ಪಾಠ ಹೇಳುವಾಗ ಪರ್ಕಿನ್ಸ್ ಬರುತ್ತಾನೆ, ಕೌಂಡಿನ್ಯ ಬರುವುದು ಅಪರೂಪ.

ಜಾನ್ ವೆಸ್ಲಿಯ ಕಥೆ ನಿಮಗೆ ಗೊತ್ತು. ಗುರುಪಟ್ಟ ಪಡೆದು, ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿಬಂದ ಮೇಲೆ, 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್‌ನ ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತು. ಅದಕ್ಕೆ ಮೊದಲು ತಾನು ಕ್ರೈಸ್ತನೇ ಆಗಿರಲಿಲ್ಲ ಎಂಬ ಅರ್ಥದಲ್ಲಿ ದಿನಚರಿಯಲ್ಲಿ ಬರೆದ. ಮೂರೂವರೆ ದಶಕದ ಮೇಲೆ ಅದೇ ದಿನಚರಿಯನ್ನು ಮರುಮುದ್ರಿಸುವಾಗ ಆ ಮಾತುಗಳ ಕೆಳಗೆ, ಇದು ಖಚಿತವಿಲ್ಲ ಎಂಬಂಥ ಅಡಿಟಿಪ್ಪಣಿ ಸೇರಿಸಿದ. ಮೊದಲನೆಯದು ಎಲ್ಲರ ಬಾಯಲ್ಲಿದೆ, ಅಡಿಟಿಪ್ಪಣಿಯನ್ನು ಯಾರೂ ಉದ್ಧರಿಸುವುದಿಲ್ಲ.

ಪಂಡಿತಾ ರಮಾಬಾಯಿಯವರ ಸಂಗತಿ ಇದಕ್ಕಿಂತ ನಮಗೆ ಹತ್ತಿರದ್ದು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1883ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಮದಲ್ಲಿದ್ದಾಗ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಪಡೆದರು. ಆ ಸನ್ಯಾಸಿನಿಯರ ನಂಬುಗೆಯಲ್ಲಿ ಹೊಸ ಹುಟ್ಟು ಆಗುವುದು ಸ್ನಾನದಲ್ಲೇ; ಆ ದಿನವೇ ರಮಾಬಾಯಿ ಹೊಸದಾಗಿ ಹುಟ್ಟಿಯಾಗಿತ್ತು. 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ ರಮಾಬಾಯಿ ಹೇಳುವುದು ಬೇರೆ. ಸ್ನಾನದ ಹೊತ್ತಿಗೆ ತನಗೆ ಸಿಕ್ಕಿದ್ದು ಕ್ರೈಸ್ತ ಮತ. ಕ್ರಿಸ್ತನು ಸಿಕ್ಕಿದ್ದು ಸುಮಾರು ಎಂಟು ವರ್ಷದ ಮೇಲೆ. ಆ ತಿರುವಿಗೆ ಕಾರಣವಾದ ಓದಿನಲ್ಲಿ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆಯೂ ಇತ್ತು. 1851ರಲ್ಲಿ ಕಾರ್ನ್‌ವಾಲ್‌ನ ತನ್ನ ಚರ್ಚಿನಲ್ಲಿ ಪ್ರಸಂಗ ಮಾಡುತ್ತಲೇ, ತನ್ನದೇ ಪ್ರಸಂಗದಿಂದ ತಾನು ತಿರುಗಿದವನು ಆತ.

ರಮಾಬಾಯಿಯವರ ಹೊಸ ಹುಟ್ಟು 1883ರದೋ 1891ರದೋ? ಗಡಿಯಾರದ ಕ್ರಮ ಹಿಡಿದರೆ ಇದಕ್ಕೆ ಉತ್ತರ ಹೇಳಲೇಬೇಕು, ಒಬ್ಬರನ್ನು ಸುಳ್ಳಾಗಿಸಬೇಕು. ಆ ಎಂಟು ವರ್ಷಗಳಲ್ಲಿ ಈ ಹೆಂಗಸು ಅಮೆರಿಕ ಸುತ್ತಿ ಹಣ ಕೂಡಿಸಿ, 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಆಗ ಅವರು ಕೃಪೆಯ ಹೊರಗಿದ್ದರು ಎನ್ನುವ ಧೈರ್ಯ ನನಗಿಲ್ಲ. ಅವರಿಗೇ ಇತ್ತು ಎಂಬುದನ್ನೂ ಅಲ್ಲಗಳೆಯಲಾರೆ. ಮುಂದೆ 1905ರಲ್ಲಿ ಕೇಡಗಾಂವದ ಮುಕ್ತಿ ಆಶ್ರಮದ ಹುಡುಗಿಯರಲ್ಲಿ ಆತ್ಮದ ಉಜ್ಜೀವನ ಕಾ‌ಣಿಸಿಕೊಂಡಾಗ, ಕೂಗಿ ಅತ್ತು ಪ್ರಾರ್ಥಿಸಿದ ಆ ಮಕ್ಕಳನ್ನು ಹಂತಗಳ ಪಟ್ಟಿ ಹಿಡಿದು ಪರೀಕ್ಷಿಸಲು ಬಂದವರಿಗೂ ಕೊರತೆ ಇರಲಿಲ್ಲ.

ಈ ಕಗ್ಗಂಟಿಗೆ ಹೊರದಾರಿ ಹಿಂದೆಯೇ ಇತ್ತು ಎಂಬುದು ವಿಚಿತ್ರ. ಕ್ಯಾಲ್ವಿನ್ 1559ರ ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ ಬದುಕಿನ ನವೀಕರಣವನ್ನು ಮೊದಲು ವಿವರಿಸಿ, ನೀತಿನಿರ್ಣಯವನ್ನು 11ನೇ ಅಧ್ಯಾಯಕ್ಕೆ ಇಟ್ಟುಕೊಂಡ. ನಂಬಿಕೆಯೊಂದೇ ಸಾಕೆನ್ನುವವರಿಗೆ ಸತ್ಕ್ರಿಯೆ ಬೇಡ ಎಂಬ ಆಪಾದನೆಗೆ ಉತ್ತರ ಕೊಡುವ ಜಾಣತನ ಅದರಲ್ಲಿದೆ. ಅವನಿಗೆ ಹಾಗೆ ಹಿಂದುಮುಂದು ಮಾಡಲು ಸಾಧ್ಯವಾದದ್ದು, ಎರಡೂ ಕ್ರಿಸ್ತನೊಂದಿಗಿನ ಐಕ್ಯದಿಂದ ಒಟ್ಟಿಗೇ ಬರುವ ಇಮ್ಮಡಿ ಕೃಪೆ ಎಂದು ಅವನು ತಿಳಿದಿದ್ದರಿಂದ. 20ನೇ ಶತಮಾನದಲ್ಲಿ ಕಾರ್ಲ್ ಬಾರ್ತ್ ಇನ್ನೂ ಮುಂದೆ ಹೋಗಿ, ರಕ್ಷಣಾಕ್ರಮ ಧಾರ್ಮಿಕ ಮನಶ್ಶಾಸ್ತ್ರವಾಗಿ ಕೆಟ್ಟುಹೋಯಿತು ಎಂದ. ನೀತಿನಿರ್ಣಯ, ಪವಿತ್ರೀಕರಣ, ಕರೆ ಮೂರೂ ಒಂದೇ ಘಟನೆಯ ಮೂರು ಮುಖ ಅವನಿಗೆ. ಎಲ್ಲರ ಪಟ್ಟಿಯಲ್ಲಿ ಮೊದಲಿಗಿದ್ದ ಕರೆಯನ್ನು ಅವನು ಕೊನೆಯಲ್ಲಿ ಚರ್ಚಿಸಿದ್ದು ಬೇಕೆಂದೇ ಇರಬೇಕು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಜಗಳಕ್ಕೇ ಬರಲಿಲ್ಲ. ಅಲ್ಲಿ ಹಸುಗೂಸಿಗೆ ಸ್ನಾನ, ತೈಲಾಭಿಷೇಕ, ಪ್ರಭುಭೋಜನ ಒಂದೇ ಆರಾಧನೆಯಲ್ಲಿ ಆಗಿಹೋಗುತ್ತವೆ.

ಲೂಥರನ್ನರೂ ರೋಮನ್ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ನೀತಿನಿರ್ಣಯದ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಅದಕ್ಕೆ ಸೇರಿಕೊಂಡವು. ಹಂತಗಳ ಬಗ್ಗೆ ಅವರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಒಪ್ಪಿದ್ದು ಮೊದಲ ಹೆಜ್ಜೆಯ ಬಗ್ಗೆ, ಅದು ಕೃಪೆಯದು ಎಂಬ ಬಗ್ಗೆ. ನಾನೂರೈವತ್ತು ವರ್ಷದ ಮುನಿಸು ಸಡಿಲಾಗಲು ಅಷ್ಟು ಸಾಕಾಯಿತು.

ಕೊನೆಯದಾಗಿ ಒಂದು ಸಂಗತಿ. ಈ ಕ್ರಮಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ. ಕೂಸಾಗಿರುವಾಗಲೇ ಸತ್ತ ಮಗುವಿನ ಗತಿಯೇನು? ಅದು ಕರೆಯನ್ನು ಕೇಳಿಲ್ಲ, ನಂಬಿಲ್ಲ, ಮಾನಸಾಂತರ ಹೊಂದಿಲ್ಲ. 17ನೇ ಶತಮಾನದಲ್ಲಿ ಪ್ರತಿ ಮನೆಯಲ್ಲೂ ಇದ್ದ ಪ್ರಶ್ನೆ ಇದು. ವೆಸ್ಟ್‌ಮಿನ್‌ಸ್ಟರ್‌ನ ಪಂಡಿತರು ಕರೆಯ ಅಧ್ಯಾಯದಲ್ಲೇ ಇದಕ್ಕೆ ಜಾಗ ಕೊಟ್ಟರು. ಆರಿಸಲ್ಪಟ್ಟ ಕೂಸುಗಳು ಸತ್ತರೆ ಆತ್ಮನ ಮೂಲಕ ಕ್ರಿಸ್ತನು ಅವನ್ನು ಹೊಸದಾಗಿ ಹುಟ್ಟಿಸಿ ರಕ್ಷಿಸುತ್ತಾನೆ, ಆತ್ಮನು ಯಾವಾಗ, ಎಲ್ಲಿ, ಹೇಗೆ ಕೆಲಸ ಮಾಡುವನೆಂಬುದು ಅವನಿಗೆ ಬಿಟ್ಟದ್ದು ಎಂಬುದು ಅದರ ತಾತ್ಪರ್ಯ. ವಾಕ್ಯವನ್ನು ಕೇಳಲಾರದ ಸ್ಥಿತಿಯ ದೊಡ್ಡವರಿಗೂ ಇದನ್ನೇ ಹೇಳಿದರು. ಮನುಷ್ಯನ ಪಾಲಿನ ಹಂತಗಳೆಲ್ಲ ಬಿಟ್ಟುಹೋದರೂ ಕ್ರಮ ನಿಂತಿದೆ, ಏಕೆಂದರೆ ಮೊದಲ ಹೆಜ್ಜೆ ನಿಂತಿದೆ. ಆದರೆ ‘ಆರಿಸಲ್ಪಟ್ಟ’ ಎಂಬ ವಿಶೇಷಣ ಓದಿದ ತಾಯಂದಿರು ಅಲ್ಲೇ ತಡೆದು ನಿಂತರು: ನನ್ನದು ಆರಿಸಲ್ಪಟ್ಟದ್ದೇ? ಇನ್ನೂರೈವತ್ತು ವರ್ಷದ ಮೇಲೆ, 1903ರಲ್ಲಿ, ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ಆ ವಿಶ್ವಾಸಪ್ರಕಟಣೆಯನ್ನು ಪರಿಷ್ಕರಿಸುವಾಗ ಒಂದು ವಿವರಣೆಯನ್ನು ಜೋಡಿಸಿತು. ಕೂಸಾಗಿರುವಾಗ ಸತ್ತ ಎಲ್ಲ ಮಕ್ಕಳೂ ಆರಿಸಲ್ಪಟ್ಟವರಲ್ಲಿ ಸೇರಿದ್ದಾರೆ ಎಂದು ಅದು ಹೇಳಿತು. ಅದಕ್ಕೆ ವಚನದ ಆಧಾರ ಸಾಕಷ್ಟಿದೆಯೇ ಎಂದು ಬಿಗಿ ಪಂಡಿತರು ಇವತ್ತಿಗೂ ಕೇಳುತ್ತಾರೆ. ಅವರ ಪ್ರಶ್ನೆಯನ್ನು ಸಭಿಕರೂ ಕೇಳಬಹುದು, ಉತ್ತರಿಸಲು ನಾನು ಇಲ್ಲೇ ಇದ್ದೇನೆ.